ಹಸನಸಾಬನ ಕೈಯಲ್ಲಿದ್ದ ಕಲ್ಲು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು. ದೆವ್ವ, ಭೂತ, ಮಾಟ ಎಂದು ಯಾರಾದರೂ ಬಾಯಿ ತೆರೆದರೆ ಅವರ ಮುಖಕ್ಕೇ ನಕ್ಕುಬಿಡುತ್ತಿದ್ದೆ. ಸ್ವಭಾವತಃ ಸಂಶಯದ ಪ್ರಾಣಿ. ಹಾಲಿಗೆ ನೀರು ಬೆರೆಸಿದೆಯಾ ಎಂದು ಜಗಳ ತೆಗೆಯುತ್ತಾರೆ, ಹಾಲಿನವಳು ಬಾಗಿಲಿಗೆ ಬಂದರೆ ಇವರನ್ನು ಒಳಗೇ ಕೂಡಿಹಾಕಬೇಕು ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಡುವೆಯೇ ಎದ್ದು ಹೋಗುತ್ತಿದ್ದೆ. ನೀವು ಹಾಗೆ ಮಾಡಿದರೂ ನನಗೆ ಬೇಸರವಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ರೋಣದ ಬಸ್ ಸ್ಟ್ಯಾಂಡಿನ ಎದುರಿಗೆ ಶಿವಾನಂದನ ಫೋಟೋ ಸ್ಟುಡಿಯೋ ಇತ್ತು. ಮದುವೆಯ ವಿಡಿಯೋ ತೆಗೆಯುವುದರಲ್ಲಿ ಅವನದೊಂದು ಪದ್ಧತಿ. ತಡವಾಗಿ ಬಂದ ನೆಂಟರ ಕೈಗೂ ಅಕ್ಷತೆ ಕೊಟ್ಟು, ಖಾಲಿ ಹಂದರದ ಕಡೆಗೆ ಹಾಕಿಸಿ, ಆ ಚಿತ್ರವನ್ನು ತಾಳಿ ಕಟ್ಟುವ ಹೊತ್ತಿಗೆ ಜೋಡಿಸಿಬಿಡುತ್ತಿದ್ದ. ಹೊಳೆಮಣ್ಣೂರಿನಲ್ಲಿ ನಡೆದ ತಂಗಿಯ ಮಗಳ ಮದುವೆಗೆ ಬಸ್ಸು ತಪ್ಪಿ ನಾನು ಊಟದ ಹೊತ್ತಿಗೆ ಮುಟ್ಟಿದ್ದೆ. ಕ್ಯಾಸೆಟ್ಟಿನಲ್ಲಿ ನೋಡಿದರೆ ಮುಹೂರ್ತಕ್ಕೆ ಸರಿಯಾಗಿ ಅಕ್ಷತೆ ಹಾಕುತ್ತಿದ್ದೇನೆ. ಮನೆಯವರಿಗೆಲ್ಲ ಖುಷಿಯೋ ಖುಷಿ. ನನಗೆ ಮಾತ್ರ ಅದು ಸುಳ್ಳೆನಿಸಿ, ತೆಗೆಸಿಹಾಕಲೆಂದು ಒಂದು ಮಧ್ಯಾಹ್ನ ಸ್ಟುಡಿಯೋಕ್ಕೆ ಹೋದೆ.

ಮಾತು ಮುಗಿದಿರಲಿಲ್ಲ, ಹೊರಗೆ ರಸ್ತೆಯಲ್ಲಿ ಗದ್ದಲವೆದ್ದಿತು. ತಮ್ಮೂರಲ್ಲಿ ಬಸ್ಸು ನಿಲ್ಲಿಸುವುದಿಲ್ಲವೆಂದು ಬೆಳವಣಕಿ ಕಡೆಯ ಜನ ರಸ್ತೆ ತಡೆದಿದ್ದರು. ಶಿವಾನಂದ ಕ್ಯಾಮೆರಾ ಎತ್ತಿಕೊಂಡು ಮಾಳಿಗೆಗೆ ಓಡಿದ. ನಾನೂ ಹತ್ತಿ ಅವನ ಹೆಗಲ ಪಕ್ಕದಲ್ಲೇ ನಿಂತೆ. ಯಾರೋ ಕಲ್ಲು ತೂರಿದರು, ಪೊಲೀಸರು ಲಾಠಿ ಬೀಸಿದರು, ಜನ ದಿಕ್ಕಾಪಾಲಾದರು. ನಮ್ಮ ಕಣ್ಣ ಕೆಳಗೇ ಹಸನಸಾಬ ಬಿದ್ದ ಸೈಕಲ್ಲನ್ನು ಎತ್ತುತ್ತಿದ್ದ. ಅರಳೆ ಹಿಂಜಿ ಗಾದಿ ತುಂಬುವವನು ಅವನು. ನಮ್ಮ ಮನೆಯ ಗಾದಿಗಳೆಲ್ಲ ಅವನ ಕೈಯವೇ. ಒಬ್ಬ ಪೊಲೀಸಿನವನು ಬಂದು ಅವನ ಬಲಮೊಳಕೈಗೆ ಹೊಡೆದ. ಆಗ ಹಸನಸಾಬನ ಎರಡೂ ಕೈ ಹ್ಯಾಂಡಲಿನ ಮೇಲಿದ್ದವು. ಇದನ್ನು ನಾನು ನೋಡಿದ್ದೇನೆ.

ಕೈ ಮುರಿದವನ ಮೇಲೆಯೇ ಕಲ್ಲು ತೂರಿದ ಕೇಸೂ ಬಿತ್ತು. ಊರಿಗೆ ಊರೇ ಸಿಟ್ಟಿಗೆದ್ದು ಅಂಗಡಿ ಮುಚ್ಚಿತು. ಅಷ್ಟರಲ್ಲಿ, ಶಿವಾನಂದ ಅಂದು ತೆಗೆದು ಪೊಲೀಸರು ಒಯ್ದಿದ್ದ ಕ್ಯಾಸೆಟ್ಟು ವಾಪಸು ಬಂದು, ಊರಿನ ಕೇಬಲ್ ಟಿವಿಯವನು ದಿನಾ ಸಂಜೆ ಅದನ್ನು ಹಾಕತೊಡಗಿದ. ಅದರಲ್ಲಿ ಹಸನಸಾಬ ಸೈಕಲ್ಲು ಬಿಟ್ಟು ನೆಟ್ಟಗಾಗುತ್ತಾನೆ, ಬಲಗೈಯಿಂದ ಕಲ್ಲು ಹಾರುತ್ತದೆ, ಆಮೇಲೆ ಲಾಠಿ ಬೀಳುತ್ತದೆ. ಒಂದೇ ಸಂಜೆಗೆ ಊರಿನ ಮಾತು ತಿರುಗಿತು. ಬಂದ್ ಮಾಡಿಸಿದ ಕಿರಾಣಿಯವನೇ ಮರುದಿನ, "ಕಲ್ಲ ಒಗದ್ರ ಪೊಲೀಸ್ರೇನ ಆರತಿ ಮಾಡ್ತಾರೇನ್ರಿ?" ಎಂದ.

ನನ್ನ ಸಂಶಯ ಮೊದಲು ಹೋದದ್ದು ಶಿವಾನಂದನ ಮೇಲೆ. ಅಕ್ಷತೆ ಜೋಡಿಸಿದಂತೆ ಇದನ್ನೂ ಜೋಡಿಸಿದೆಯಾ ಎಂದು ನೇರವಾಗಿ ಕೇಳಿದೆ. ಕ್ಯಾಮೆರಾದಿಂದ ತೆಗೆದು ಹಾಗೆಯೇ ಪೊಲೀಸರಿಗೆ ಕೊಟ್ಟೆನೆಂದು ಅವನು ಆಣೆ ಮಾಡಿದ. ಠಾಣೆಯಲ್ಲಿ ಏನೋ ಮಾಡಿದ್ದಾರೆಂದುಕೊಂಡು ಅಲ್ಲಿಗೇ ಹೋಗಿ, ಕಂಡದ್ದನ್ನು ಬರೆದುಕೊಳ್ಳಿ ಎಂದೆ. ಅಲ್ಲಿದ್ದ ಅಧಿಕಾರಿ ಕುರ್ಚಿ ಕೊಟ್ಟು, ಚಹಾ ತರಿಸಿ, ಠಾಣೆಯಲ್ಲಿ ಇಟ್ಟುಕೊಂಡಿದ್ದ ಕ್ಯಾಸೆಟ್ಟಿನ ಪ್ರತಿಯನ್ನು ಟಿವಿಯಲ್ಲಿ ಹಾಕಿದ. ಒಂದು ಕಡೆ ನಿಲ್ಲಿಸಿ ಕೇಳಿದ: "ಇವ್ರು ಯಾರ್ರಿ ಸರ?"

ಹಸನಸಾಬನಿಗೆ ಬೆನ್ನು ಮಾಡಿ, ಬಾಳೆಹಣ್ಣಿನ ಗಾಡಿಯ ಮುಂದೆ ಒಬ್ಬ ನಿಂತಿದ್ದ. ಬಿಳಿ ಅರ್ಧ ತೋಳಿನ ಅಂಗಿ, ಬೆನ್ನ ಮೇಲೆ ಕಾಲರಿಗೆ ಸಿಕ್ಕಿಸಿದ ಕೊಡೆ. ಹಾಗೆ ಕೊಡೆ ಸಿಕ್ಕಿಸುವವನು ರೋಣದಲ್ಲಿ ನಾನೊಬ್ಬನೇ, ಆದರೆ ಅಂದು ಕೊಡೆ ಮನೆಯಲ್ಲೇ ಇತ್ತು. ಚಿತ್ರ ಮುಂದೆ ಹೋಯಿತು. ಆ ಮನುಷ್ಯ ತಿರುಗಿ, ಮಾಳಿಗೆಯ ಕಡೆಗೆ ಕತ್ತೆತ್ತಿ ನೋಡಿದ. ಅದು ನನ್ನ ಮುಖ. ನಾನು ಹೆದರಿದೆ, ಅದನ್ನು ಮುಚ್ಚಿಡುವುದಿಲ್ಲ. ಬೆನ್ನು ಮಾಡಿ ನಿಂತವರು ಏನು ನೋಡಿರುತ್ತೀರಿ ಎಂದು ಅಧಿಕಾರಿ ಮರ್ಯಾದೆಯಿಂದಲೇ ಕೇಳಿದ. ನಾನು ಮಾಳಿಗೆಯ ಮೇಲಿದ್ದೆ ಎಂದೆ. ಅವನು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು.

ನಾನು ಮಾಳಿಗೆಯ ಮೇಲಿದ್ದುದಕ್ಕೆ ಉಳಿದಿದ್ದ ಸಾಕ್ಷಿ ಶಿವಾನಂದನೊಬ್ಬನೇ. ಕೇಳಿದರೆ ಅವನು ತಲೆ ಕೆರೆದುಕೊಂಡ. "ನೀವು ಸ್ಟುಡಿಯೋಕ್ಕ ಬಂದದ್ದು ಖರೇರಿ ಸರ. ಆದ್ರ ಕ್ಯಾಮೆರಾಕ್ಕ ಕಣ್ಣ ಹಚ್ಚಿದ ಮ್ಯಾಲೆ ಬಾಜೂಕ ಯಾರದಾರ ಅಂತ ನಾ ಹ್ಯಾಂಗ ಹೇಳ್ಲಿ?" ಮನೆಗೆ ಬಂದರೆ ಹೆಂಡತಿಯೂ, ಬಾಳೆಹಣ್ಣು ತಂದವರು ಎಲ್ಲಿ ಇಟ್ಟಿರಿ ಎಂದಳು. ತಮಾಷೆಗೆ ಅಂದಳೋ ನಿಜಕ್ಕೂ ಕೇಳಿದಳೋ ಎಂದು ಇವತ್ತಿಗೂ ನನಗೆ ಅನುಮಾನವಿದೆ.

ಕೋರ್ಟಿನ ತಾರೀಖಿಗೆ ಮೊದಲು ಹಸನಸಾಬನ ಮನೆಗೆ ಹೋದೆ. ಜಾಮೀನಿನ ಮೇಲೆ ಬಂದಿದ್ದ. ಕೈಗೆ ಪಟ್ಟಿ ಕಟ್ಟಿತ್ತು, ಅರಳೆ ಹಿಂಜುವ ಬಿಲ್ಲು ಗೋಡೆಗೆ ತೂಗುಬಿದ್ದಿತ್ತು. ಯಾರು ಏನೇ ಅನ್ನಲಿ, ನಿನ್ನ ಕೈಯಲ್ಲಿ ಕಲ್ಲಿರಲಿಲ್ಲವೆಂದು ಕಟಕಟೆಯಲ್ಲಿ ನಿಂತು ಹೇಳುತ್ತೇನೆ ಎಂದೆ. ಪಕ್ಕದ ಮನೆಯ ಟಿವಿಯಲ್ಲಿ ಅವನೂ ಆ ಕ್ಯಾಸೆಟ್ಟನ್ನು ದಿನಾ ಸಂಜೆ ನೋಡುತ್ತಿದ್ದನಂತೆ.

"ಮೊದಲ ನನಗೂ ಹಂಗ ಅನಸ್ತಿತ್ರಿ ಸರ," ಎಂದ. "ಈಗ ಕಣ್ಣ ಮುಚ್ಚಿದ್ರ ಕಲ್ಲ ನನ್ನ ಕೈಯಾಗಿಂದ ಹೋಗೂದ ಕಾಣತೈತಿ. ಬಿಸಲಾಗ ಭಾಳ ಕಾದಿತ್ರಿ ಅದು. ಅಂಗೈ ಇನ್ನೂ ಚುರುಚುರು ಅಂತೈತಿ."

ತಾರೀಖಿನ ದಿನ ನಾನು ಕೋರ್ಟಿನ ಅಂಗಳದಲ್ಲಿ ಕಾಯುತ್ತಿದ್ದೆ. ಯಾರೂ ನನ್ನನ್ನು ಒಳಗೆ ಕರೆಯಲಿಲ್ಲ. ಹಸನಸಾಬ ತಪ್ಪೊಪ್ಪಿಕೊಂಡನೆಂದು ಆಮೇಲೆ ತಿಳಿಯಿತು.

ಯೋಚಿಸಿ ಸಾಕಾಗಿದ್ದೇನೆ. ಕ್ಯಾಸೆಟ್ಟು ತಿದ್ದಿದರು ಎನ್ನೋಣ. ನನ್ನಂಥವನೊಬ್ಬ ಅಲ್ಲಿದ್ದ ಎನ್ನೋಣ. ನೋಡಿ ನೋಡಿ ಹಸನಸಾಬನ ತಲೆ ಕೆಟ್ಟಿತು ಎಂದೂ ಅನ್ನೋಣ. ಆದರೆ ಅಂದು ಮನೆಯಲ್ಲಿ ಅವನು ಪಟ್ಟಿಯ ಹೊರಗಿದ್ದ ಬಲ ಅಂಗೈಯನ್ನು ಬಿಚ್ಚಿ ನನಗೆ ತೋರಿಸಿದ್ದ. ನಡುವೆ ಒಂದು ಸುಟ್ಟ ಕಲೆ ಇತ್ತು.