ಈರಣ್ಣ ಬಿಡಿಸಿದ ಹೂಗಳು

ಮೌಸ್ ಹಿಡಿದು ಹೂವು ಬಿಡಿಸುವಾಗ ಈರಣ್ಣನ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು, ಕಾಪಿ ಬರೆಯುವ ಮಗುವಿನ ಹಾಗೆ. ಮೂವತ್ತೈದರ ಗಂಡಸು. ಗದಗದ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಗೆಳೆಯನ ಜೊತೆ ಬಾಡಿಗೆ ರೂಮು. ವಾರವಿಡೀ ಆಫೀಸು, ಶನಿವಾರ ಜಯನಗರದ ನಮ್ಮ ಮನೆಯಲ್ಲಿ ನಮ್ಮ ಕಾನ್ವೆಂಟಿನ ಹಳೆಯ ವಿದ್ಯಾರ್ಥಿನಿಯರ, ಅಂದರೆ ಓಲ್ಡ್ ಗರ್ಲ್ಸ್ ಸಂಘದ, ವೆಬ್‌ಸೈಟಿನ ಕೆಲಸ. ನಾನು ಸಂಘದ ಸೆಕ್ರೆಟರಿ. ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿತ್ತು. ನಮ್ಮ ಬ್ಯಾಚಿನವರು ಒಬ್ಬೊಬ್ಬರಾಗಿ ಹೊರಡುತ್ತಿದ್ದರು. ಸೈಟಿನಲ್ಲಿ ಬೆಳೆಯುತ್ತಿದ್ದುದು ‘ಇನ್ ಮೆಮೋರಿಯಂ’ ಎಂಬ ಶ್ರದ್ಧಾಂಜಲಿಯ ಭಾಗವೊಂದೇ.

ಪ್ರತಿ ಪುಟವನ್ನೂ ಅವನು ಕೈಯಾರೆ ಕೋಡ್ ಬರೆದು ಕಟ್ಟುತ್ತಿದ್ದ. ತೀರಿಹೋದವರ ಫೋಟೋ ಸಿಗದಿದ್ದರೆ ಕೇಳುತ್ತಿದ್ದ: “ಮೇಡಂ, ಇವರಿಗೆ ಯಾವ ಹೂವು ಸೇರ್ತಿತ್ರಿ?”

“ಯಾಕಪ್ಪಾ? ಜಾಗ ಖಾಲಿ ಬಿಡು.”

“ಫೋಟೋ ಇಲ್ಲಂದ್ರ ಮನಷ್ಯಾರಿಗೆ ಮಾರಿನ ಇರಂಗಿಲ್ಲೇನ್ರಿ?”

ತೀರಿಹೋದ ನಮ್ಮ ಬ್ಯಾಚಿನ ಫಿಲೋಮಿನಾಳ ಹೂವು ಯಾರಿಗೂ ಗೊತ್ತಿರಲಿಲ್ಲ. ಅವಳ ತಂಗಿಗೆ ನನ್ನಿಂದ ಮೂರು ಸಲ ಫೋನ್ ಮಾಡಿಸಿದ. ಸ್ಕೂಲಿನ ಸೈಕಲ್ ಸ್ಟ್ಯಾಂಡಿನ ಮೇಲೆ ಹಬ್ಬಿದ್ದ ಕಾಗದದ ಹೂವನ್ನು ಅವಳು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದಳೆಂದು ಕೊನೆಗೆ ತಿಳಿಯಿತು. ಅದನ್ನೇ ಬಿಡಿಸಿದ. ನೋಡಿದ ತಂಗಿ ಫೋನಿನಲ್ಲೇ ಅತ್ತಳು.

ಆದರೆ ಎಲ್ಲಕ್ಕೂ ಶನಿವಾರ ಬರಬೇಕು. ಒಮ್ಮೆ ಅವನು ಊರಿಗೆ ಹೋಗಿದ್ದಾಗ ತೀರಿಹೋದ ಗೆಳತಿಯೊಬ್ಬಳಿಗಾಗಿ ಚರ್ಚಿನಲ್ಲಿ ಇಟ್ಟಿದ್ದ ಪ್ರಾರ್ಥನೆಯ ಸುದ್ದಿ, ಪ್ರಾರ್ಥನೆ ಮುಗಿದ ಮೇಲೆ ಸೈಟಿಗೆ ಬಂತು.

“ವಾಟ್ ಈಸ್ ದಿ ಯೂಸ್, ಈರಣ್ಣ? ಚರ್ಚಲ್ಲಿ ಆರೇ ಜನ ಇದ್ರು!” ಎಂದು ರೇಗಿದೆ.

ಮುಂದಿನ ಶನಿವಾರ ಅವನೇ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಹಾಕಿಕೊಟ್ಟ. “ಇನ್ನ ಫಾರ್ಮ್ ತುಂಬಿದಂಗ್ರಿ. ಹೆಸರು, ಸುದ್ದಿ, ಫೋಟೋ ಹಾಕಿ ಪಬ್ಲಿಷ್ ಒತ್ರಿ. ನನ್ನ ದಾರಿ ಕಾಯೋದು ಬ್ಯಾಡ. ಆದ್ರ ಇದು ಎಲ್ಲಾರ್ನೂ ಒಂದ ಅಚ್ಚಿನಾಗ ಹಾಕ್ತೈತಿ. ಫೋಟೋ ಕೊಡ್ಲಿಲ್ಲಂದ್ರ ತಾನ ಒಂದು ಬೂದಿ ಬಣ್ಣದ ತಲಿ ಕೂಡ್ರಸ್ತೈತಿ. ಹೂವು ಬೇಕಂದ್ರ ಫೋನ್ ಮಾಡ್ರಿ, ಬಿಡಿಸಿ ಕಳಸ್ತೀನಿ.”

ಸುಖವಾಯಿತು, ಸುಳ್ಳೇಕೆ ಹೇಳಲಿ? ಸುದ್ದಿ ಬಂದ ಗಳಿಗೆಯಲ್ಲೇ ಹಾಕುತ್ತಿದ್ದೆ, ತಪ್ಪಿದ್ದರೆ ನಾನೇ ತಿದ್ದುತ್ತಿದ್ದೆ. ಮುಂದಿನ ಪ್ರಾರ್ಥನೆಗೆ ಚರ್ಚು ತುಂಬಿತ್ತು. ಹೂವಿಗೆ ಮಾತ್ರ ಫೋನ್ ಮಾಡಲಿಲ್ಲ. ಬೂದು ತಲೆಗಳು ಸಾಲಾಗಿ ಕೂತವು.

ಒಂದು ದಿನ ಅವನೇ ಫೋನ್ ಮಾಡಿದ. “ಎಲ್ಲಾ ಬರೋಬ್ಬರಿ ನಡದೈತೇನ್ರಿ ಮೇಡಂ?”

“ಫಸ್ಟ್ ಕ್ಲಾಸ್, ಈರಣ್ಣ.”

“ಹೂವು?”

“ಬೇಕಾಗಿಲ್ಲಪ್ಪಾ. ಈಗ ಯಾರೂ ಕೇಳೋದಿಲ್ಲ.”

“ಛಲೋ ಆತ್ರಿ,” ಎಂದ. ಅವನ ದನಿ ಕೇಳಿದ್ದು ಅದೇ ಕೊನೆ.

ವರ್ಷ ತುಂಬುವ ಮೊದಲೇ ರೂಮಿನ ಗೆಳೆಯ ಫೋನ್ ಮಾಡಿದ: ಊರಿನಲ್ಲಿ ಈರಣ್ಣನಿಗೆ ಹಾರ್ಟ್ ಅಟ್ಯಾಕ್, ಆಸ್ಪತ್ರೆ ಮುಟ್ಟಲಿಲ್ಲ. ಈರಣ್ಣ ನಮ್ಮ ಸ್ಕೂಲಿನವನಲ್ಲ, ಗಂಡಸು ಬೇರೆ. ಆದರೂ ಫಾರ್ಮಿನಲ್ಲಿ ಅವನ ಹೆಸರು, ಊರು ತುಂಬಿದೆ. ಫೋಟೋ ನನ್ನ ಬಳಿ ಇರಲಿಲ್ಲ. ಗೆಳೆಯನಿಗೆ ಮತ್ತೆ ಫೋನ್ ಮಾಡಿದೆ.

“ಅವನಿಗೆ ಯಾವ ಹೂವು ಇಷ್ಟ ಇತ್ತಪ್ಪಾ?”

“ಹೂವಾ? ಗೊತ್ತಿಲ್ರಿ ಆಂಟಿ. ಯಾಕ್ರಿ?”

ಪಬ್ಲಿಷ್ ಒತ್ತಿದೆ. ಅರ್ಧ ನಿಮಿಷವೂ ಆಗಲಿಲ್ಲ; ಸಾಲಿನ ತುದಿಗೆ ಇನ್ನೊಂದು ಬೂದು ತಲೆ ಬಂದು ಕೂತಿತು. ಕೆಳಗೆ ‘ಈರಣ್ಣ’ ಎಂದಿತ್ತು.