ಬಿಚ್ಚದೆ ತೊಳೆದ ಚಕ್ರಗಳು

ಆ ಕಾರಿನ ಚಕ್ರಗಳನ್ನು ನಾನು ಬಿಚ್ಚಿ ತೊಳೆಯಲಿಲ್ಲ. ಬಿಚ್ಚಿದ್ದೇನೆ ಎಂದದ್ದು ಸುಳ್ಳು. ಆ ಸುಳ್ಳನ್ನು ಮೊದಲು ಹುಸೇನಪ್ಪನಿಗೆ ಹೇಳಿದೆ, ಆಮೇಲೆ ಪೊಲೀಸರಿಗೆ, ಕೊನೆಗೆ ಲಿಂಗಸುಗೂರಿನ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದೆ. ಹನ್ನೊಂದು ವರ್ಷವಾಯಿತು. ಒಬ್ಬ ಹೆಂಗಸಿನ ಕಾಲು ಹೋಯಿತು. ಒಬ್ಬ ಒಳ್ಳೆಯ ಡ್ರೈವರ್ ಜೈಲಿಗೆ ಹೋಗಿಬಂದ. ನನಗೆ — ನನಗೆ ಏನೂ ಆಗಲಿಲ್ಲ.

ಸಿಂಧನೂರಿನಲ್ಲಿ ಮಸ್ಕಿ ರಸ್ತೆಗೆ ನನ್ನದೊಂದು ತಗಡಿನ ಶೆಡ್ಡು. ಗಾಡಿ ತೊಳೆಯುವುದು, ಗ್ರೀಸ್ ಹಾಕುವುದು, ಬ್ರೇಕ್ ಬಿಗಿ ಮಾಡಿಕೊಡುವುದು ನನ್ನ ಕೆಲಸ. ಎಂಬತ್ತರ ದಶಕದ ಕೊನೆಯ ಮಾತು; ಊರಲ್ಲಿ ಕಾರುಗಳೇ ಕಡಿಮೆ, ಇದ್ದವು ಹೆಚ್ಚಾಗಿ ಅಕ್ಕಿ ಗಿರಣಿಯವರವು. ಅಂಥ ಒಬ್ಬ ಸಾವುಕಾರರ ಬಿಳಿ ಅಂಬಾಸಿಡರ್ ಓಡಿಸುತ್ತಿದ್ದವನು ತುರ್ವಿಹಾಳದ ಹುಸೇನಪ್ಪ. ನನಗಿಂತ ಏಳೆಂಟು ವರ್ಷ ದೊಡ್ಡವನು. ಬೀಡಿ ಸೇದುತ್ತಿದ್ದ, ಸೆರೆ-ಹೆಂಡ ಮುಟ್ಟುತ್ತಿರಲಿಲ್ಲ. ಎದುರಿಗೆ ಕುರಿಹಿಂಡು ಬಂದರೆ ಹಾರ್ನ್ ಹೊಡೆಯದೆ ಗಾಡಿ ನಿಲ್ಲಿಸಿ, ಕೊನೆಯ ಮರಿ ದಾಟುವವರೆಗೂ ಕಾಯುವವನು. ಅಂಥವನು.

ಸಾವುಕಾರರ ಮಗನಿಗೆ ಲಿಂಗಸುಗೂರಿನ ಹೆಣ್ಣು ಗೊತ್ತುಮಾಡಿದ್ದರು. ನಿಶ್ಚಯದ ಹಿಂದಿನ ದಿನ ಕಾರು ನನ್ನ ಶೆಡ್ಡಿಗೆ ಬಂತು. ಸಾವುಕಾರರೇ ಜೊತೆಗೆ ಬಂದು ಚಕ್ರಗಳ ಕಡೆ ಕೋಲು ತೋರಿಸಿದರು.

“ಶರಣಪ್ಪ, ನಾಳೆ ಬೀಗರ ಮನಿ ಮುಂದ ನಿಲ್ಲೋ ಗಾಡಿ ಇದು. ಗಾಲಿ ನೋಡಿಲ್ಲಿ, ಒಲಿ ಮ್ಯಾಗಿನ ಬೋಗುಣಿ ಆಗ್ಯಾವ. ಮುಖ ಕಾಣಂಗ ಆಗಬೇಕು.”

“ಆಗ್ತಾವ್ರಿ ಸಾವುಕಾರ್ರ,” ಎಂದೆ.

ಆ ಕರಿ ಕಿಟ್ಟ ಸಾಮಾನ್ಯದ್ದಲ್ಲ. ಬ್ರೇಕ್ ಹಿಡಿದಾಗಲೆಲ್ಲ ಒಳಗಿನ ಪಟ್ಟಿ ಸವೆದು ಪುಡಿ ಉದುರುತ್ತದೆ, ಬಿಸಿಯಾದ ಚಕ್ರಕ್ಕೆ ಅಂಟುತ್ತದೆ. ಅದರ ಮೇಲೆ ಕಾಲುವೆ ದಾರಿಯ ಎರೆಮಣ್ಣು ಸಿಡಿದು, ಒಣಗಿ, ಮತ್ತೆ ಕಾದು — ವರ್ಷಗಟ್ಟಲೆ ಕೂತರೆ ಕಲ್ಲು. ಸೋಪಿನ ನೀರು ಹಾಕಿದೆ. ಸೋಡಾ ಹಾಕಿದೆ. ಬ್ರಷ್‌ನಿಂದ ಉಜ್ಜಿ ಉಜ್ಜಿ ಒಂದು ಅಂಗೈಯಗಲ ಬಿಟ್ಟಿತು, ಅಷ್ಟೇ. ಚಕ್ರ ಬಿಚ್ಚಿ, ನೆಲದ ಮೇಲೆ ಮಲಗಿಸಿ, ನೆನೆಹಾಕಿ ತೆಗೆಯಬೇಕಾದ ಕೆಲಸ ಅದು. ಹುಸೇನಪ್ಪನೂ ಅದನ್ನೇ ಹೇಳಿ ಊಟಕ್ಕೆ ಹೋಗಿದ್ದ.

“ಬಿಚ್ಚಿ ತೊಳಿ ತಮ್ಮಾ. ಹಂಗೇ ಎಣ್ಣಿ ಹೊಡದಿ ಅಂದ್ರ ಒಳಗ ಇಳಿತೈತಿ. ಬ್ರೇಕ್ ಹಿಡಿಯಂಗಿಲ್ಲ.”

ನನಗೆ ಗೊತ್ತಿಲ್ಲದ್ದೇನಲ್ಲ. ಬ್ರೇಕಿನ ಕೆಲಸವೇ ನನ್ನ ಅನ್ನ. ಆದರೂ ಬಿಚ್ಚಲಿಲ್ಲ. ಬೆನ್ನು ನೋಯುತ್ತಿತ್ತು ಎನ್ನಲೇ? ನೋಯುತ್ತಿರಲಿಲ್ಲ. ಬೇರೆ ಗಾಡಿ ಕಾಯುತ್ತಿತ್ತು ಎನ್ನಲೇ? ಇಲ್ಲ. ಬಿಸಿಲಿತ್ತು, ಬೇಸರ ಬಂದಿತ್ತು. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ. ಹಳೆಯ ಇಂಜಿನ್ ಎಣ್ಣೆಗೆ ಡೀಸೆಲ್ ಬೆರೆಸಿ, ಪಂಪಿಗೆ ತುಂಬಿ, ಚಕ್ರದ ತೂತುಗಳ ಮೂಲಕ ಹೊರಗೂ ಒಳಗೂ ಹೊಡೆದೆ. ಕಿಟ್ಟ ಕರಗಿ ಕಪ್ಪು ಗಂಜಿಯಂತೆ ಇಳಿಯಿತು. ಅದನ್ನು ನೋಡಿ ಖುಷಿಪಟ್ಟೆ — ಅದನ್ನೂ ಹೇಳಿಬಿಡಬೇಕು. ಬಟ್ಟೆಯಿಂದ ಒರೆಸಿದಾಗ ಬೆಳ್ಳಿ ಬಣ್ಣ ಫಳಫಳ ಹೊಳೆಯಿತು.

ಹುಸೇನಪ್ಪ ಬಂದು ಮುಂದಿನ ಚಕ್ರದೆದುರು ಕುಕ್ಕರಗಾಲಲ್ಲಿ ಕೂತ. “ಬಿಚ್ಚಿದ್ದೇನಲೇ?” ಎಂದ.

“ಬಿಚ್ಚೇ ತೊಳದೀನಿ ಅಣ್ಣ.”

ಅವನು ನಂಬಿದ. ನನ್ನ ಭುಜ ತಟ್ಟಿ ಹೋದ.

ಮರುದಿನ ಬೆಳಿಗ್ಗೆ ಲಿಂಗಸುಗೂರಿಗೆ ಹೊರಟಾಗ ಸಿಂಧನೂರಿನ ಸರ್ಕಲ್ಲಿನಲ್ಲಿ ಬ್ರೇಕ್ ಹಿಡಿದಿತ್ತಂತೆ. ಆಮೇಲೆ ಮಸ್ಕಿಯವರೆಗೂ ನೆಟ್ಟಗಿನ ರಸ್ತೆ, ಬ್ರೇಕ್ ತುಳಿಯುವ ಕೆಲಸವೇ ಬೀಳಲಿಲ್ಲ. ಚಕ್ರದ ಹಿಂಬದಿಯ ತಗಡಿನ ತಟ್ಟೆಯಲ್ಲಿ ನಿಂತಿದ್ದ ಎಣ್ಣೆ ಅಷ್ಟರಲ್ಲಿ ಬ್ರೇಕಿನ ಪಟ್ಟಿಗಳಿರುವ ಡ್ರಮ್ಮಿನೊಳಗೆ ಇಳಿದಿರಬೇಕು. ಮಸ್ಕಿ ಹತ್ತಿರ ಬಂದಾಗ ಯಂಕಮ್ಮ ಎಂಬ ಹೆಂಗಸು ಕುರಿ ಹೊಡೆದುಕೊಂಡು ರಸ್ತೆ ದಾಟುತ್ತಿದ್ದಳು. ಕಾರು ನಿಲ್ಲಲಿಲ್ಲ. ಒಂದು ಬದಿಗೆ ಎಳೆದುಕೊಂಡು ಹೋಗಿ ಅವಳಿಗೆ ಬಡಿಯಿತು, ಆರು ಕುರಿಗಳ ಮೇಲೆ ಹಾದು ಗುಂಡಿಗಿಳಿಯಿತು. ಯಂಕಮ್ಮ ಬದುಕಿದಳು. ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

“ಬ್ರೇಕ್ ಹಿಡಿಲಿಲ್ರಿ, ಬ್ರೇಕ್ ಹಿಡಿಲಿಲ್ರಿ” ಎಂದು ಹುಸೇನಪ್ಪ ಒಂದೇ ಸಮನೆ ಕೂಗುತ್ತಿದ್ದನಂತೆ. ಜನ ಹೊಡೆದರು. ಕುಡಿದಿದ್ದಾನೆ ಎಂದು ಯಾರೋ ಅಂದರು, ಎಲ್ಲರೂ ಅಂದರು.

ಗಾಡಿಯನ್ನು ಮಸ್ಕಿಯ ಠಾಣೆಯಂಗಳಕ್ಕೆ ಎಳೆದುತಂದಿದ್ದರು. ಗಾಡಿ ತಪಾಸಣೆ ಮಾಡುವ ಸರ್ಕಾರಿ ಸಾಹೇಬರು ಬರುವ ಮುಂಚೆ ಏನಾಗಿದೆ ನೋಡಿಕೊಂಡು ಬಾ ಎಂದು ಸಾವುಕಾರರು ನನ್ನನ್ನು ಕಳಿಸಿದರು. ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದ ಒಬ್ಬ ಪೊಲೀಸ್, ಸಾವುಕಾರರ ಹೆಸರು ಹೇಳಿದೊಡನೆ ನನ್ನನ್ನು ಗಾಡಿಯ ಹತ್ತಿರ ಬಿಟ್ಟ. ನಾನು ಜಾಕ್ ಕೊಟ್ಟು ಮುಂದಿನ ಎಡ ಚಕ್ರ ಬಿಚ್ಚಿದೆ. ಆಗ ಬಿಚ್ಚಿದೆ! ಡ್ರಮ್ ತೆಗೆಯುತ್ತಲೇ ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. ಬ್ರೇಕಿನ ಪಟ್ಟಿಗಳು ಒದ್ದೆಯಾಗಿ ಮಿರಮಿರ ಮಿಂಚುತ್ತಿದ್ದವು. ನನ್ನ ಕೈ ಏನು ಮಾಡಬೇಕೆಂದು ಬಲು ಬೇಗ ತಿಳಿದುಕೊಂಡಿತು.

ಪೆಟ್ರೋಲ್ ಬಟ್ಟೆಯಿಂದ ಒರೆಸಿದೆ. ಉಸುಕಿನ ಕಾಗದದಿಂದ ಪಟ್ಟಿಗಳನ್ನು ಒಣಗುವವರೆಗೂ ತಿಕ್ಕಿದೆ. ನಾಲ್ಕು ಚಕ್ರಗಳನ್ನೂ ಬಿಚ್ಚಿದೆ, ನಾಲ್ಕರ ಒಳಗನ್ನೂ ತೊಳೆದೆ. ಅಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವ ಗಾಡಿಯ ಕೆಲಸವನ್ನೂ ಮಾಡಿಲ್ಲ.

“ಬ್ರೇಕ್ ಹೆಂಗ ಅದಾವಪಾ?” ಚಹಾದ ಲೋಟ ಇಟ್ಟು ಪೊಲೀಸ್ ಕೇಳಿದ.

“ಚಲೋ ಅದಾವ್ರಿ. ನಾನ ಗಾಲಿ ಬಿಚ್ಚಿ ತೊಳದೀನಿ.”

ಆಮೇಲೆ ತಪಾಸಣೆಗೆ ಬಂದ ಸಾಹೇಬರಿಗೂ ಚಲೋ ಇದ್ದಂತೆಯೇ ಕಂಡಿತು. ಲಿಂಗಸುಗೂರಿನ ಕೋರ್ಟಿನಲ್ಲಿ ತುಂಬಿದ ಜನರೆದುರು ಮತ್ತೆ ಅದನ್ನೇ ಹೇಳಿದೆ — ಚಕ್ರ ಬಿಚ್ಚಿ ತೊಳೆದಿದ್ದೆ, ಬ್ರೇಕಿನಲ್ಲಿ ದೋಷವಿರಲಿಲ್ಲ. ಹುಸೇನಪ್ಪ ಕಟಕಟೆಯಿಂದ ನನ್ನನ್ನೇ ನೋಡುತ್ತಿದ್ದ. ಸಿಟ್ಟಿರಲಿಲ್ಲ ಆ ಮುಖದಲ್ಲಿ. ತಾನು ಏನನ್ನೋ ಮರೆತಿದ್ದೇನೆ, ಇವನು ನೆನಪಿಸುತ್ತಿದ್ದಾನೆ ಎಂಬಂತೆ ಕೇಳುತ್ತಿದ್ದ. ಆ ನೋಟದ ಅರ್ಥ ಆಗ ನನಗೆ ಆಗಲಿಲ್ಲ. ತಪ್ಪಿಸಿಕೊಂಡೆ ಎಂಬುದಷ್ಟೇ ಅರ್ಥವಾಯಿತು.

ಆರು ತಿಂಗಳ ಸಜೆ. ಲೈಸೆನ್ಸ್ ಹೋಯಿತು. ಹೊರಗೆ ಬಂದವನಿಗೆ ಯಾರೂ ಸ್ಟೇರಿಂಗ್ ಕೊಡಲಿಲ್ಲ. ತುರ್ವಿಹಾಳದಲ್ಲಿ ಕಂಡವರ ಗದ್ದೆಗೆ ಕೂಲಿಗೆ ಹೋಗುತ್ತಾನೆ ಎಂದು ಕೇಳಿದೆ. ನನ್ನ ಶೆಡ್ಡು ದೊಡ್ಡದಾಯಿತು.

ಕಳೆದ ವರ್ಷ ತುರ್ವಿಹಾಳದ ಬಸ್ಸಿನಲ್ಲಿ ಸಿಕ್ಕ. ನಾನು ತಲೆ ತಗ್ಗಿಸಿದ್ದೆ. ಅವನೇ ಬಂದು ಪಕ್ಕದಲ್ಲಿ ಕೂತ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಯಂಕಮ್ಮನನ್ನು ನೋಡಿ ಬರುತ್ತಿದ್ದೇನೆ ಎಂದ. ಪ್ರತಿ ಸುಗ್ಗಿಗೂ ಹೊಸ ಅಕ್ಕಿ ಕೊಟ್ಟು, ಕೈಮುಗಿದು ಬರುತ್ತಾನಂತೆ. ಆಮೇಲೆ, ಕಿಟಕಿಯ ಕಡೆ ನೋಡುತ್ತ, ಮೆಲ್ಲಗೆ ಅಂದ:

“ಶರಣ, ಒಂದು ಕೇಳ್ತೀನಿ. ಅವತ್ತು ನಾ ಬ್ರೇಕ್ ತುಳದಿನೋ ಇಲ್ಲೋ, ಈಗ ನನಗ ನೆನಪಾಗವಲ್ದು. ತುಳದೀನಿ ಅಂತನ ಅನಕೊಂಡಿದ್ದೆ. ಆದರ ಬ್ರೇಕ್ ಚಲೋ ಇದ್ದುವು ಅಂತ ನೀನ ಹೇಳಿದಿ. ಹಂಗಾರ ನನ್ನ ಕಾಲ ಎಲ್ಲೋ ತಪ್ಪೇತಿ, ಅಲ್ಲನು?”

ಮುಂದಿನ ಸ್ಟಾಪಿನಲ್ಲಿ, ಅದು ನನ್ನ ಊರಲ್ಲದಿದ್ದರೂ, ಇಳಿದುಬಿಟ್ಟೆ. ಅವನ ಕೆಲಸ ಕಿತ್ತುಕೊಂಡೆ, ಮಾನ ಕಿತ್ತುಕೊಂಡೆ ಎಂದು ಗೊತ್ತಿತ್ತು. ಅವನ ಕಾಲಿನ ನೆನಪನ್ನೂ ಕಿತ್ತುಕೊಂಡಿದ್ದೇನೆ ಎಂದು ಗೊತ್ತಿರಲಿಲ್ಲ.

ಅದಾದ ಮೇಲೂ ನಾಲ್ಕು ತಿಂಗಳು ತಡಮಾಡಿದೆ. ಮೊನ್ನೆ ಸೋಮವಾರ ಹೋದೆ. ಅವನ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ — ಡೀಸೆಲ್, ಪಂಪು, ಠಾಣೆಯಂಗಳ, ಕೋರ್ಟು. ನನಗೆಂದು ಚಹಾ ತಂದಿದ್ದ ಅವನ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು. ಕೇಳಿ, ಲೋಟವನ್ನು ಕೊಡದೆ ಒಳಗೆ ತೆಗೆದುಕೊಂಡು ಹೋದಳು. ಹುಸೇನಪ್ಪ ಬೈಯಲಿಲ್ಲ.

“ಹಂಗಾರ ನಾ ತುಳದಿದ್ದೆ,” ಎಂದ.

“ತುಳದಿದ್ದಿ ಅಣ್ಣ.”

“ತುಳದಿದ್ದೆ,” ಎಂದ ಮತ್ತೆ. ಕೂತಲ್ಲೇ ಬಲಗಾಲು ಚಾಚಿ ನೆಲವನ್ನು ಒತ್ತಿದ, ಬಿಟ್ಟ, ಒತ್ತಿದ. ಆಮೇಲೆ ನನ್ನ ಮುಖ ನೋಡದೆ, “ನೀ ಇನ್ನ ಹೋಗು” ಎಂದ.

ಬಂದೆ. ಹೇಳಿದರೆ ಹಗುರವಾಗುತ್ತದೆ ಎನ್ನುತ್ತಾರಲ್ಲ, ಆಗಲಿಲ್ಲ, ಆಗಬಾರದು ಕೂಡ. ಯಂಕಮ್ಮನ ಮುಂದೆ ಇನ್ನೂ ನಿಂತಿಲ್ಲ. ಈ ವಾರ ನಿಲ್ಲುತ್ತೇನೆ. ಆದರೆ ಸುಳ್ಳನ್ನು ನಾನು ಊರ ಜನರೆದುರು ಹೇಳಿದ್ದೆ. ನಿಜವನ್ನು ಕಟ್ಟೆಯ ಮೇಲೆ ಒಬ್ಬನ ಕಿವಿಯಲ್ಲಿ ಹೇಳಿ ಮುಗಿಸಿದರೆ ಹೇಗೆ? ಅದಕ್ಕೇ ಇದನ್ನು ಬರೆದು, ಕೆಳಗೆ ಸಹಿ ಹಾಕಿ, ಓದಬಲ್ಲವರೆಲ್ಲರ ಮುಂದೆ ಇಡುತ್ತಿದ್ದೇನೆ. ಹುಸೇನಪ್ಪ ಅಂದು ಬ್ರೇಕ್ ತುಳಿದಿದ್ದ.

— ಶರಣಪ್ಪ, ಸಿಂಧನೂರು