ಕೌದಿಯ ಮೇಲಿನ ತ್ರಿಶೂಲ

ಅದು ೧೯೮೪ರ ಬೇಸಿಗೆ. ನವಲಗುಂದದ ಹತ್ತಿರದ ಹಳ್ಳಿಯೊಂದಕ್ಕೆ ನಾನು ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ನಮ್ಮ ಕಡೆ ಬಾವಿಯ ನೀರು ಸವಳು, ಕುಡಿಯಲು ಕೆರೆಯ ನೀರೇ ಗತಿ. ದಿನಕ್ಕೆ ನಾಲ್ಕು ಸಲ ಕೊಡ ಹೊತ್ತು ಬಂದರೆ ಕುತ್ತಿಗೆಯಲ್ಲಿ ಜೀವ ಇರುತ್ತಿರಲಿಲ್ಲ. ನನಗೆ ಬೇಕಾಗಿದ್ದುದು ಒಂದಿಷ್ಟು ನಿದ್ದೆ. ಆ ಮನೆಯಲ್ಲಿ ಸಿಕ್ಕಿದ್ದು ಒಂದು ಚೀನೀ ಅಕ್ಷರ.

ನಗಬೇಡಿ, ನಿಜ ಹೇಳುತ್ತಿದ್ದೇನೆ. ನಮ್ಮ ಮಾವ ಮಿಲಿಟರಿಯಲ್ಲಿದ್ದವರು. ಅರವತ್ತೆರಡರ ಯುದ್ಧದಲ್ಲಿ ಸೆರೆಸಿಕ್ಕು ಕೆಲವು ತಿಂಗಳು ಚೀನಾದವರ ಕ್ಯಾಂಪಿನಲ್ಲಿದ್ದರು. ಜ್ವರ ಬಂದು ಮಲಗಿದ್ದಾಗ ‘ಪಾನಿ, ಪಾನಿ’ ಎಂದು ಎಷ್ಟು ಅಂದರೂ ಅಲ್ಲಿಯ ಅಡುಗೆಯವನಿಗೆ ತಿಳಿಯಲಿಲ್ಲವಂತೆ. ಕಡೆಗೆ ಅವನೇ ಒಂದು ಮಗ್ ನೀರು ತಂದು ತೋರಿಸಿ, ಒಲೆಯ ಬೂದಿಯಲ್ಲಿ ನೀರು ಎಂಬ ಅಕ್ಷರ ಬರೆದು ಕಲಿಸಿದನಂತೆ. ಸಾಲಿಯ ಕಟ್ಟೆ ಹತ್ತದ ಮಾವನಿಗೆ ಬರೆಯಲು ಬರುತ್ತಿದ್ದುದು ಎರಡೇ: ತಮ್ಮ ಸಹಿ, ಮತ್ತೆ ಆ ಅಕ್ಷರ.

ನಾನು ಮದುವೆಯಾಗಿ ಬಂದ ವರ್ಷ ಅದನ್ನು ನನಗೂ ಕಲಿಸಿದರು. ನಾನು ಕೊಡ ಇಳಿಸುವುದೇ ತಡ, ಬೆರಳು ಅದ್ದಿ ಕಟ್ಟೆಯ ಮೇಲೆ ಬರೆದು ತೋರಿಸುತ್ತಿದ್ದರು.

“ಮೊದ್ಲ ನಡುವಿನ ಗೆರಿ ಎಳೀ. ತಳಕ್ಕ ಬಂದಾಗ ಎಡಕ್ಕ ಸಣ್ಣ ಕೊಂಡಿ ಎತ್ತು. ಆಮ್ಯಾಲೆ ಎಡಗಡೆ, ಕಡೀಕ ಬಲಗಡೆ. ಕೊಂಡಿ ಬಿಟ್ಟರ ಅದು ನೀರಲ್ಲವ್ವಾ” ಎನ್ನುತ್ತಿದ್ದರು.

ನೀರು ಹೊರುವುದು ಸಾಲದೆಂದು ಬರೆಯಲೂಬೇಕೇ ಎಂದು ನನಗೆ ಒಳಗೊಳಗೇ ಸಿಟ್ಟು. ಬಿಸಿಲಿಗೆ ನನ್ನ ಮೂರನೆಯ ಗೆರೆ ಬರುವಷ್ಟರಲ್ಲಿ ಮೊದಲನೆಯದು ಆರಿಹೋಗಿರುತ್ತಿತ್ತು. ಎಂಟು ದಿನಕ್ಕೆ ಸರಿಯಾಗಿ ಬಂತು. ಇನ್ನು ಎಲ್ಲಿ ಹೋದರೂ ನೀನು ನೀರಡಿಸಿ ಸಾಯುವುದಿಲ್ಲ ಎಂದು ಮಾವ ಮೀಸೆಯಲ್ಲೇ ನಕ್ಕರು. ಕೆಲವು ದಿನ ಅವರು ಗಾಳಿಯಲ್ಲಿ ಬರೆಯುವುದು, ನಾನು ತಂಬಿಗೆ ತಂದುಕೊಡುವುದು ನಡೆಯಿತು. ಆಮೇಲೆ ದನಕರು, ರೊಟ್ಟಿ, ಕೂಸು ಎಂದು ಆ ಆಟ ಮರೆತೇಹೋಯಿತು.

ಆ ಬೇಸಿಗೆಯಲ್ಲಿ ಮಾವನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ನೀರಿನ ಹಾಗೆ ತೆಳ್ಳಗಿದ್ದದ್ದು ಶ್ವಾಸನಾಳಕ್ಕೆ ಇಳಿದೀತು, ಸದ್ಯಕ್ಕೆ ಗಟ್ಟಿ ಗಂಜಿ ಕೊಡಿ ಎಂದರು ಡಾಕ್ಟರು. ನಾವು ಅದನ್ನು ವ್ರತದ ಹಾಗೆ ಹಿಡಿದು, ಒಂದು ಹನಿ ನೀರೂ ಮುಟ್ಟಿಸಲಿಲ್ಲ.

ಮರುದಿನದಿಂದ ಅವರ ಎಡಗೈ ಬೆರಳು ಹೊದ್ದ ಕೌದಿಯ ಮೇಲೆ ಆಡತೊಡಗಿತು. ಉದ್ದಕ್ಕೊಂದು, ಅತ್ತಿತ್ತ ಎರಡು. ಅತ್ತೆ ನೋಡಿ ನೋಡಿ ಕೈ ಮುಗಿದರು.

“ತ್ರಿಶೂಲ ತಗ್ಯಾಕ ಹತ್ಯಾರ ನೋಡು. ವೀರಭದ್ರ ದೇವರ ಹರಕಿ ಉಳದೈತಿ” ಎಂದರು.

ಹೌದ್ರಿ ಅತ್ತಿ, ತ್ರಿಶೂಲನ ಎಂದು ನಾನೂ ದನಿಗೂಡಿಸಿದೆ. ನಿದ್ದೆಗೆಟ್ಟ ಕಣ್ಣಿಗೆ ಯಾರು ಏನು ಹೇಳಿದರೂ ಸರಿಯೇ. ನಮ್ಮವರು ಕಾಯಿ, ಕರ್ಪೂರ ತರಲು ಹೋದರು. ಗಂಜಿ ಕುಡಿಸಹೋದರೆ ಮಾವ ಮುಖ ತಿರುವುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಗದರಿಬಿಟ್ಟೆ.

“ಹಿಂಗ ಹಟಾ ಮಾಡಿದ್ರ ನಾ ಏನ್ ಮಾಡ್ಲಿರೀ ಮಾವಾರ?”

ಅವರು ಕಣ್ಣು ಮುಚ್ಚಿಕೊಂಡರು. ಬೆರಳು ಮಾತ್ರ ಆಡುತ್ತಲೇ ಇತ್ತು.

ಮೂರನೆಯ ದಿನ ಮಧ್ಯಾಹ್ನ ಕೊಡ ಇಳಿಸಿ, ಅವರ ಹಾಸಿಗೆಯ ಬಾಜೂಕೇ ಗೋಡೆಗೆ ಒರಗಿ ಕುಳಿತೆ. ಕುಳಿತಲ್ಲೇ ಜೋಂಪು ಹತ್ತಿತು. ಕೈ ಮೇಲೆ ಏನೋ ಹರಿದ ಹಾಗಾಯಿತು. ಮಾವನ ಬೆರಳು. ನಡುವೆ ಒಂದು ಗೆರೆ ಇಳಿಯಿತು. ತಳಕ್ಕೆ ಬಂದು ಎಡಕ್ಕೆ ಸಣ್ಣಗೆ ಕೊಂಡಿ ಎತ್ತಿತು. ತ್ರಿಶೂಲದ ಹಿಡಿಗೆ ಕೊಂಡಿ ಎಲ್ಲಿರುತ್ತದೆ? ನನ್ನ ನಿದ್ದೆ ಹಾರಿಹೋಯಿತು. ಆಮೇಲೆ ಎಡಗಡೆ. ಕಡೆಗೆ ಬಲಗಡೆ.

“ನೀರೇನ್ರಿ ಮಾವಾರ?” ಎಂದೆ.

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು, ಬಿಡಲೇ ಇಲ್ಲ.

ಡಾಕ್ಟರು ಬೇಡ ಅಂದಿದ್ದಾರೆ ಎಂದು ನಮ್ಮವರು ಅಡ್ಡ ಬಂದರು. ನಾನು ಕೇಳಲಿಲ್ಲ. ಶುಭ್ರ ಅರಿವೆಯ ತುದಿ ಅದ್ದಿ, ತುಟಿಯ ಸಂದಿಯಲ್ಲಿ ಹನಿ ಹನಿಯಾಗಿ ಹಿಂಡಿದೆ. ಕೆಮ್ಮಲಿಲ್ಲ, ನುಂಗಿದರು. ಹನಿ ಹನಿ ಕೊಡಬಹುದಿತ್ತು, ಗಂಟಲು ಒಣಗಿಸಿ ಎಂದು ನಿಮಗೆ ಯಾರು ಹೇಳಿದರು ಎಂದು ಆಮೇಲೆ ಡಾಕ್ಟರು ಬೈದರು.

ಆ ಮಧ್ಯಾಹ್ನ ನೀರು ನುಂಗಿದ ಮೇಲೆ ಮಾವ ನನ್ನ ಕೈಯ ಮೇಲೆ ಮತ್ತೆ ಅದನ್ನೇ ಬರೆದರು. ಅರಿವೆ ಅದ್ದಿ ಒಯ್ದರೆ ತುಟಿ ಬಿಗಿಹಿಡಿದು ನನ್ನ ಕೈಯನ್ನು ನನ್ನ ಕಡೆಗೇ ದಬ್ಬಿದರು. ಬೆಳಿಗ್ಗೆಯಿಂದ ನೀರು ಹೊತ್ತವಳು ನಾನು, ಒಂದು ಗುಟುಕೂ ಕುಡಿದಿರಲಿಲ್ಲ. ಅವರ ಎದುರೇ ತಂಬಿಗೆ ಎತ್ತಿ ಕುಡಿದೆ. ಆಮೇಲೆಯೇ ಅವರು ಮಲಗಿದ್ದು.

ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ಹರಕೆಯನ್ನು ಅತ್ತೆ ತೀರಿಸಿಯೇ ಬಂದರು, ದೇವರ ಹೆಸರು ಎತ್ತಿದ ಮೇಲೆ ಬಿಡಬಾರದಂತೆ.

ಈಗ ಮನೆಯೊಳಗೇ ನಳ ಇದೆ. ಅಡುಗೆಕಟ್ಟೆ ಒದ್ದೆಯಿದ್ದರೆ ಇಂದಿಗೂ ನನ್ನ ಬೆರಳು ತಾನಾಗಿ ಆ ಗೆರೆ ಎಳೆಯುತ್ತದೆ, ಕೊಂಡಿ ಸಮೇತ. ಕಡೆಗಾದರೂ ತಿಳಿಯಿತಲ್ಲ ಎಂದು ಈ ಕಥೆ ಕೇಳಿದವರು ಸಮಾಧಾನ ಹೇಳುತ್ತಾರೆ. ನನಗೆ ಸಮಾಧಾನವಿಲ್ಲ. ಆ ಮನೆಯಲ್ಲಿ ಆ ಅಕ್ಷರ ಬಲ್ಲವಳು ನಾನೊಬ್ಬಳೇ ಇದ್ದೆ. ಎರಡು ದಿನ ಅವರು ಬರೆದದ್ದು ನನಗೇ.